ಹಳೇ ಲ್ಯಾಪ್‌ಟಾಪಿನ ಪರೀಕ್ಷೆ

"ಬಾಯ್ ಮಾತ್ ಬೇಡ ಉಮಾನಾಥ. ಗ್ರೈಂಡರ್ ತಕಂಬ ಹೊತ್ತಿಗೆ ನಾವ್ ಮನೆಯಿಂದ್ಲೇ ಉದ್ದ್ ನೆನ್ಸಿ ತಕಂಡ್ ಹೋಪುದು. ಅಂಗ್ಡಿಯಲ್ಲೇ ಅರೆದ್ ಕಾಂಬುದು. ಹಿಟ್ಟ್ ಒದಗಿರೆ ಮಾತ್ರ ವ್ಯಾಪಾರ. ಇದಕ್ಕೂ ಹಾಂಗೇ."

ಭೋಜರಾಜ ಶೆಟ್ಟರು ಹೀಗೆಂದಾಗ ಕುಂದಾಪುರದ ಕಂಪ್ಯೂಟರ್ ಅಂಗಡಿಯ ಉಮಾನಾಥ ಆ ವರ್ಷದ ಹೊಸ ಮಾಡೆಲಿನ ಲ್ಯಾಪ್‌ಟಾಪನ್ನು ಆಗಷ್ಟೇ ಡಬ್ಬಿಯಿಂದ ತೆಗೆದಿದ್ದ. ತೆಳ್ಳಗಿದೆ, ಹಗುರವಾಗಿದೆ, ಹೋದ ವರ್ಷದ್ದಕ್ಕಿಂತ ಎರಡು ಪಟ್ಟು ವೇಗ ಎಂದು ಅವನು ಶುರುಮಾಡಿದ್ದ ಹೊಗಳಿಕೆ ಅಲ್ಲಿಗೇ ನಿಂತಿತು. ತ್ರಾಸಿಯ ಹೆದ್ದಾರಿ ಬದಿಯಲ್ಲಿ ಹೋಟೆಲು ನಡೆಸುವ ಶೆಟ್ಟರು ಯಂತ್ರದ ವಿಷಯದಲ್ಲಿ ಯಾವತ್ತೂ ಮೋಸ ಹೋದವರಲ್ಲ. ಹೋಗಿದ್ದರೂ ಅದನ್ನು ಯಾರ ಹತ್ತಿರವೂ ಹೇಳಿದವರಲ್ಲ.

ಇಲ್ಲಿ ಅರೆಯಬೇಕಾದ ಉದ್ದು ಮಗಳು ಶ್ರಾವ್ಯಳ ನಕ್ಷೆ. ಸಿವಿಲ್ ಡಿಪ್ಲೊಮಾ ಮುಗಿಸಿದ ಮೇಲೆ ಅವಳಿಗೆ ಸ್ವಂತವಾಗಿ ಸಿಕ್ಕಿದ ಮೊದಲ ಕೆಲಸ, ಬ್ರಹ್ಮಾವರದ ಹಲ್ಲಿನ ಡಾಕ್ಟರೊಬ್ಬರ ಮನೆ. ಮಳೆಗಾಲ ಮುಗಿಯುವಾಗ ಒಪ್ಪಿಕೊಂಡ ನಕ್ಷೆ ಇನ್ನೂ ಮಹಡಿ ಮೆಟ್ಟಿಲಿನ ಹತ್ತಿರವೇ ನಿಂತಿತ್ತು. ಇವತ್ತು ಸಂಜೆಯೊಳಗೆ ಬರದಿದ್ದರೆ ಉಡುಪಿಯಲ್ಲಿ ಬೇರೆಯವರಿಗೆ ಕೊಡುತ್ತೇನೆ ಎಂದು ಡಾಕ್ಟರು ಬೆಳಿಗ್ಗೆಯೇ ಫೋನು ಮಾಡಿದ್ದರು.

ಶ್ರಾವ್ಯ ಎಲ್ಲ ತಪ್ಪನ್ನೂ ಹಳೇ ಲ್ಯಾಪ್‌ಟಾಪಿನ ತಲೆಗೆ ಕಟ್ಟಿದ್ದಳು. ಅವಳು ಗೆರೆ ಎಳೆಯುತ್ತಿದ್ದದ್ದು ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂತು, ಬಿಲ್ಲು ಹರಿಯುವ ಮಧ್ಯೆ. ಪ್ಲಗ್ ಸಿಗುವುದು ಜ್ಯೂಸಿನ ಮಿಕ್ಸಿ ಸುಮ್ಮನಾದಾಗ ಮಾತ್ರ. ನಾಲ್ಕು ಗಿರಾಕಿಗಳನ್ನು ಕಳಿಸಿ ತಿರುಗಿದರೆ ಪರದೆ ಕಪ್ಪಾಗಿರುತ್ತಿತ್ತು, ಎಲ್ಲಿಗೆ ಬಿಟ್ಟಿದ್ದೆ ಎಂಬುದೇ ಮರೆತಿರುತ್ತಿತ್ತು. ಇದಕ್ಕೆ ವಯಸ್ಸಾಯಿತು, ಇನ್ನು ಇದರಿಂದಾಗದು ಎಂದು ಅವಳು ನಿಜವಾಗಿಯೂ ನಂಬಿದ್ದಳು. ಹೊಸದು ಸಿಗದಿದ್ದರೆ ಕೆಲಸ ಕೈಬಿಟ್ಟಂತೆಯೇ ಎಂಬ ಹೆದರಿಕೆಯಲ್ಲಿ, ಹಳತನ್ನೂ ಚೀಲಕ್ಕೆ ಹಾಕಿಕೊಂಡು, ಅಪ್ಪನನ್ನು ಇಲ್ಲಿಯವರೆಗೆ ಎಳೆದು ತಂದಿದ್ದಳು.

"ಮೊದ್ಲ್ ಹಳೇದ್ರಲ್ಲಿ ಮಾಡ್. ಅದ್ ಎಲ್ಲಿ ನಿಲ್ಲತ್ ಅಂತ ನಂಗೆ ಕಾಣ್ಕ್. ಹೊಸ್ತು ಆಮೇಲೆ," ಎಂದರು ಶೆಟ್ಟರು.

"ಹೊತ್ತ್ ಹಿಡಿತ್ತ್ ಅಪ್ಪಯ್ಯ."

"ಹಿಡೀಲಿ. ಫೋನ್ ಇಲ್ಲಿ ಕೊಡ್. ಪರೀಕ್ಷೆ ಮಧ್ಯದಲ್ಲಿ ಮಾತಾಡೂಕಾಗ."

ಉಮಾನಾಥ ಒಳಗಿನ ಮೇಜು ಬಿಡಿಸಿಕೊಟ್ಟ, ಪ್ಲಗ್ ಹಾಕಿಕೊಟ್ಟ. ಶ್ರಾವ್ಯ ಕುರ್ಚಿ ಎಳೆದುಕೊಂಡು ಕೂತಳು. ಮೊದಮೊದಲು ಎರಡು ಗೆರೆಗೊಮ್ಮೆ ತಲೆ ಎತ್ತಿ ನೋಡುತ್ತಿದ್ದಳು. ಎದುರಿಗೆ ಗಿರಾಕಿ ಯಾರೂ ಇರಲಿಲ್ಲ. ಆಮೇಲೆ ತಲೆ ಎತ್ತುವುದೂ ನಿಂತಿತು.

ಹೊರಗೆ ಶೆಟ್ಟರ ಅಂಗಿ ಜೇಬಿನಲ್ಲಿ ಮಗಳ ಫೋನು ಹೊಡೆದುಕೊಳ್ಳತೊಡಗಿತು. ಹೋಟೆಲಿನ ಸಪ್ಲೈಯರ್ ಗಣಪ.

"ಶ್ರಾವ್ಯಕ್ಕ, ಗ್ಯಾಸಿನವ ಬಂದಿದ. ಎಂತ ಹೇಳ್ಕ್?"

ಶೆಟ್ಟರು ಹೇಳಿ ಇಟ್ಟರು. ಕೂತು ಬೆನ್ನು ಒರಗಿಸುವಷ್ಟರಲ್ಲಿ ಮತ್ತೆ ಅವನೇ. ಮದುವೆ ಪಾರ್ಟಿಯವರು ಪಾರ್ಸೆಲ್ ಕೇಳುತ್ತಿದ್ದಾರಂತೆ. ಆಮೇಲೆ ಉಗ್ರಾಣದ ಕೀ. ಆಮೇಲೆ ನೀರಿನ ಪಂಪು. ಚಹಾ ತರಿಸಿಕೊಂಡವರಿಗೆ ಅದನ್ನು ಬಿಸಿಯಿರುವಾಗ ಕುಡಿಯಲು ಆಗಲೇ ಇಲ್ಲ. ಕೊನೆಗೆ ಅಂಗಡಿಯ ಬಾಗಿಲಲ್ಲಿ ನಿಂತು ರೇಗಿದರು: "ಹ್ವಾಯ್ ಗಣಪ, ಮನ್ಷ್ಯನ್ನ ಒಂದ್ ಗಳ್ಗಿ ಕೂಕಂಬುಕೆ ಬಿಡ್ತಿಲ್ಯಲ್ಲ ಮಾರಾಯ. ಇಡ್ ಫೋನ್."

ಒಳಗೆ ನಕ್ಷೆಯ ಮೆಟ್ಟಿಲು ತಿರುಗಿ ಮೇಲಿನ ಮಹಡಿಗೆ ಸೇರಿತ್ತು. ತುಳಸಿಕಟ್ಟೆಯ ಜಾಗ ಸಿಕ್ಕಿತ್ತು, ಕಡಲ ಗಾಳಿಗೆ ತೆರೆಯುವ ಕಿಟಕಿಗಳೂ ಕೂತಿದ್ದವು. ಗೆರೆಗಳನ್ನೆಲ್ಲ ಬಣ್ಣದ ಚಿತ್ರವಾಗಿಸುವ ಕೊನೆಯ ಬಟನ್ನನ್ನು ಶ್ರಾವ್ಯ ಒತ್ತಿದಳು. ಹಳೇ ಲ್ಯಾಪ್‌ಟಾಪು ಬಿಸಿಯಾಗಿ ಫ್ಯಾನಿನ ಸದ್ದು ಮಾಡಿತು. ಸ್ವಲ್ಪ ಕಾಯಿಸಿತು, ಹೌದು, ಆದರೆ ನಿಲ್ಲಲಿಲ್ಲ. ಡಾಕ್ಟರ ಮನೆ ಬಣ್ಣಬಣ್ಣವಾಗಿ ಪರದೆಯ ಮೇಲೆ ಎದ್ದು ನಿಂತಿತು. ಅಂಗಡಿಯ ನೆಟ್ಟಿನಿಂದಲೇ ಅದನ್ನು ಬ್ರಹ್ಮಾವರಕ್ಕೆ ಕಳಿಸಿದಳು.

ಉಮಾನಾಥನೂ ಬಿಡುವವನಲ್ಲ. ಅದೇ ನಕ್ಷೆಯನ್ನು ಹೊಸದಕ್ಕೆ ಹಾಕಿ ತೋರಿಸಿದ. ಚಿತ್ರ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬಂತು. "ಕಂಡ್ರ್ಯಾ ಶೆಟ್ರೇ? ಇದಕ್ಕೂ ಅದಕ್ಕೂ ಎಷ್ಟ್ ವ್ಯತ್ಯಾಸ ಇತ್ತ್."

ಶ್ರಾವ್ಯ ನೋಡಿದಳು. ವ್ಯತ್ಯಾಸ ಇದ್ದದ್ದು ಹೌದು, ಕೊನೆಯ ಆ ಒಂದು ಬಟನ್ನಿನಲ್ಲಿ. ಅದಕ್ಕಿಂತ ಮೊದಲಿನದೆಲ್ಲ ಅವಳೇ ಕೂತು ಎಳೆದದ್ದು. ಮಳೆಗಾಲದಿಂದ ಆಗದ ಕೆಲಸ ಒಂದು ಮಧ್ಯಾಹ್ನದಲ್ಲಿ ಇದೇ ಹಳತರಲ್ಲಿ ಆಗಿತ್ತು. ಅದು ಹೇಗೆ ಎನ್ನುವುದು ಅವಳಿಗೆ ಈಗ ಸ್ಪಷ್ಟವಾಗಿ ಗೊತ್ತಿತ್ತು.

"ಬೇಡ ಉಮಾನಾಥಣ್ಣ, ಹೊಸ್ತು ಡಬ್ಬಿಗೆ ಹಾಕಿ," ಎಂದಳು.

ಶೆಟ್ಟರ ಮುಖ ಅರಳಿತು. ತಮ್ಮ ಪರೀಕ್ಷೆ ಗೆದ್ದದ್ದು ಅವರಿಗೆ ಡಾಕ್ಟರ ಮನೆಗಿಂತ ದೊಡ್ಡದಾಗಿ ಕಂಡಿತ್ತು. "ಉದ್ದ್ ಅರೆದ್ ಕಂಡಿದ್ದಕ್ಕೆ ಗೊತ್ತಾಯ್ತ್, ಅಲ್ದಾ? ಹಳೇದೇ ಸಾಕ್. ಬದಲ್ಸುಕೆ ಎಂತದೂ ಇಲ್ಲ."

"ಬದಲ್ಸುಕೆ ಒಂದ್ ಇತ್ತ್ ಅಪ್ಪಯ್ಯ," ಎಂದಳು ಶ್ರಾವ್ಯ, ಕೂತಲ್ಲಿಂದ ಏಳದೆ. "ನಾಳೆಯಿಂದ ಕೌಂಟರಿಗೆ ಬೇರೆ ಜನ ಹುಡ್ಕಿ."