ಹದಿಮೂರರ ಮಗ್ಗಿ

“ಗೊತ್ತಿಲ್ಲ,” ಎಂದಳು ಸರ್ವಮಂಗಳ.

ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದ ತಾಯಿ ಶಿವರುದ್ರಮ್ಮನಿಗೆ ಹೋದ ಜೀವ ಬಂದಂತಾಯಿತು. ಹೇಳಿಕೊಟ್ಟ ಹಾಗೇ ನಡೆದುಕೊಳ್ಳುತ್ತಿದ್ದಾಳೆ ಮಗಳು.

ತಿಪಟೂರಿನಿಂದ ಬಂದು ಕುರ್ಚಿಯಲ್ಲಿ ಕುಳಿತಿದ್ದ ಮಲ್ಲಿಕಾರ್ಜುನಯ್ಯ ಕೈಯಲ್ಲಿದ್ದ ಹಾಳೆ ನೋಡಿ ಮತ್ತೊಂದು ಕೇಳಿದರು. “ಲಂಬಕೋನ ತ್ರಿಭುಜ. ಒಂದು ಬಾಹು ಐದು, ಇನ್ನೊಂದು ಹನ್ನೆರಡು. ಕರ್ಣ ಎಷ್ಟಮ್ಮ?”

ಮಂಗಳ ತಲೆ ತಗ್ಗಿಸಿದಳು. ಕಾಲಿನ ಹೆಬ್ಬೆರಳು ಸಾರಿಸಿದ ನೆಲದ ಮೇಲೆ ಒಂದು ಬರೆದು ಮೂರು ಬರೆಯತೊಡಗಿತು. ಶಿವರುದ್ರಮ್ಮ ಕೆಮ್ಮಿದಳು. ಬೆರಳು ನಿಂತಿತು.

“ಗೊತ್ತಿಲ್ಲ.”

ಹಿಂದಿನ ಸಂಬಂಧ ಮುರಿದದ್ದೇ ಈ ಲೆಕ್ಕದಿಂದ. ಸಂಕ್ರಾಂತಿ ಕಳೆದ ಮೇಲೆ ಚಿಕ್ಕನಾಯಕನಹಳ್ಳಿಯಿಂದ ಬಂದಿದ್ದ ಗಂಡಿನ ತಂದೆ, ಹುಡುಗನಿಗೆ ಇಪ್ಪತ್ತಾರು ಎಂದಿದ್ದ. ಉಪ್ಪಿಟ್ಟು ತಿನ್ನುತ್ತಾ, ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದವನು ಎಂದೂ ಬಾಯಿಬಿಟ್ಟ.

“ಈಗ ಎಂಬತ್ತನೇ ಇಸ್ವಿ. ಹಂಗಾದ್ರೆ ಮೂವತ್ತೆರಡು ತುಂಬಿ ಮೂವತ್ಮೂರು ನಡೀತಿರ್ಬೇಕಲ್ಲ?” ಎಂದುಬಿಟ್ಟಿದ್ದಳು ಮಂಗಳ.

“ಸೊಸೆ ಬೇಕು ಅಂತ ಬಂದ್ವಿ, ಮೇಷ್ಟ್ರಮ್ಮ ನಮ್ಗೆ ಬ್ಯಾಡ ಬುಡಿ,” ಎಂದು ಅವರು ತಟ್ಟೆ ಬಿಟ್ಟು ಎದ್ದಿದ್ದರು.

ಮೊನ್ನೆ ಸಂತೆಯಲ್ಲಿ ಹೈಸ್ಕೂಲಿನ ಮೇಷ್ಟ್ರು ಶಿವರುದ್ರಮ್ಮನ ಗಂಡ ಕರಿಬಸವಯ್ಯನಿಗೆ ಸಿಕ್ಕಿ, “ಭಾನುವಾರ ತಿಪಟೂರಿಂದ ಒಬ್ರು ಮಂಗಳನ್ನ ನೋಡೋಕೆ ಬತ್ತಾರೆ, ಮನೇಲಿರಿ,” ಎಂದು ಹೇಳಿ ಬಸ್ಸು ಹತ್ತಿದರಂತೆ. ನೆರೆಮನೆ ಭೈರಮ್ಮನ ಮಗಳಿಗೆ ಗಂಡು ತೋರಿಸಿದ್ದೂ ಅದೇ ಮೇಷ್ಟ್ರು.

ಮಗಳನ್ನು ಹಾಸ್ಟೆಲಿನಲ್ಲಿಟ್ಟು ಕಾಲೇಜು ಓದಿಸುವ ಶಕ್ತಿ ಈ ಮನೆಗಿರಲಿಲ್ಲ. ತಿಪಟೂರಿನ ಓದಿದವರ ಮನೆ ಸೇರಿದರೆ ಮದುವೆಯ ಮೇಲಾದರೂ ಓದಿಸಿಯಾರು ಎಂಬುದೊಂದೇ ಶಿವರುದ್ರಮ್ಮನ ಆಸೆ. ಬೆಳಿಗ್ಗೆ ಹೂ ಮುಡಿಸುವಾಗ ಅದನ್ನೇ ಹೇಳಿದ್ದಳು. “ಇದೊಂದ್ಸಲ ದಡ್ಡಿ ಆಗು ಕಣೇ ನನ್ನವ್ವ. ಆಮೇಲೆ ಎಷ್ಟ್ ಬೇಕಾದ್ರೂ ಓದೀಯಂತೆ.”

ಬಂದವರ ಹಣೆಯಲ್ಲಿ ವಿಭೂತಿಯಿತ್ತು, ಮಾತು ಮೆತ್ತಗಿತ್ತು. ಜೊತೆಗೆ ಹೆಂಗಸರಿರಲಿಲ್ಲ. ಪೇಟೆಯವರು, ಮೊದಲು ಒಬ್ಬರೇ ಬಂದು ನೋಡಿಹೋಗುತ್ತಾರೇನೋ, ಹುಡುಗಿ ಜಾಣತನ ತೋರಿಸುತ್ತಾಳಾ ಎಂದು ನೋಡಲೇ ಲೆಕ್ಕ ಕೇಳುತ್ತಾರೇನೋ ಎಂದುಕೊಂಡಳು ಶಿವರುದ್ರಮ್ಮ. ಕೇಸರಿಭಾತು ಆರುತ್ತಿತ್ತು. ಅವರು ಮಂಗಳಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನೇ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು.

“ಲೆಕ್ಕದಲ್ಲಿ ತೊಂಬತ್ತೆಂಟು. ನೀನೇ ಬರೆದದ್ದಾ ಮಗು?”

ಮಂಗಳ ಬಾಗಿಲತ್ತ ನೋಡಿದಳು. ಶಿವರುದ್ರಮ್ಮ ತುಟಿಯ ಮೇಲೆ ಬೆರಳಿಟ್ಟಳು.

ಆಮೇಲಿನ ಪ್ರಶ್ನೆಗಳು ಸುಲಭವಾಗುತ್ತಾ ಬಂದವು. ಸಮೀಕರಣ ಹೋಗಿ ಭಿನ್ನರಾಶಿ ಬಂತು, ಭಿನ್ನರಾಶಿ ಹೋಗಿ ಬರೀ ಭಾಗಾಕಾರ ಬಂತು. ಕೊನೆಗೆ ಅವರ ದನಿ ಅಂಗಲಾಚುವಂತಿತ್ತು.

“ಹದಿಮೂರರ ಮಗ್ಗಿಯಾದ್ರೂ ಹೇಳಮ್ಮ. ಹೆದರಬೇಡ.”

“ಬರಲ್ಲ ಸಾರ್.” ಮಂಗಳಳ ಕಣ್ಣು ತುಂಬಿತ್ತು.

ಇನ್ನು ತಾನು ಬರದಿದ್ದರೆ ಕೆಲಸ ಕೆಟ್ಟೀತೆಂದು ಶಿವರುದ್ರಮ್ಮ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. “ಮನೆಗೆಲ್ಸ ಎಲ್ಲಾ ಚೆಂದಾಗಿ ಮಾಡ್ತಾಳೆ ಸ್ವಾಮಿ. ಒಂದು ಎದುರು ಮಾತಾಡಲ್ಲ.”

“ಕಾಣುತ್ತೆ ತಾಯಿ,” ಎಂದು ಅವರು ಹಾಳೆ ಮಡಚಿದರು. “ಮೇಷ್ಟ್ರ ಹತ್ರ ಹೇಳಿ ಕಳಿಸ್ತೀನಿ.”

ಎಳನೀರು ತರಲು ತೋಟಕ್ಕೆ ಹೋಗಿದ್ದ ಕರಿಬಸವಯ್ಯ ಬರುವಷ್ಟರಲ್ಲಿ ಅವರು ಹೊರಟುಹೋಗಿದ್ದರು.

ಮುಂದಿನ ಸಂತೆಯ ದಿನ ಶಿವರುದ್ರಮ್ಮ ಗಂಡನ ದಾರಿ ಕಾಯುತ್ತಾ ಬಾಗಿಲಲ್ಲೇ ಕುಳಿತಳು. ಮಗಳು ಒಳಗೆ ರಾಗಿ ಕೇರುತ್ತಿದ್ದಳು. ಬಂದವನು ಚೀಲ ಇಳಿಸಿದ.

“ಮೇಷ್ಟ್ರು ಸಿಕ್ಕಿದ್ರಾ? ಒಪ್ಕಂಡ್ರಂತಾ?”

ಒಳಗೆ ಮೊರದ ಸದ್ದು ನಿಂತಿತು.

“ಅವ್ರು ಗಂಡಿನ ಕಡೆಯವ್ರಲ್ಲ ಕಣೇ, ಕಾಲೇಜಲ್ಲಿ ಲೆಕ್ಕ ಹೇಳ್ಕೊಡೋರಂತೆ, ಊಟ, ಹಾಸ್ಟೆಲು ಎಲ್ಲಾ ಕೊಟ್ಟು ಪುಕ್ಕಟೆ ಓದ್ಸೋ ಸೀಟು ಒಂದೇ ಇತ್ತಂತೆ, ಇವ್ಳಿಗೆ ಏನೂ ಬರಲ್ಲ ಅಂತ ಬೇರೆ ಹುಡ್ಗಿಗೆ ಕೊಟ್ಬುಟ್ರಂತೆ.”