ಹೊಸ್ತಿಲ ಕೆಳಗಿನ ತಾಮ್ರದ ತಗಡು

ಹಸಿ ಮಣ್ಣಿನ ವಾಸನೆ ಬಂದರೆ ಈಗಲೂ ಹಳೆಯ ಬಾಗಲಕೋಟೆಯ ನಮ್ಮ ಮನೆಯ ಹೊಸ್ತಿಲು ಕಣ್ಣೆದುರು ನಿಲ್ಲುತ್ತದೆ. ಅಣೆಕಟ್ಟಿನ ಹಿನ್ನೀರು ಊರನ್ನು ಮುಳುಗಿಸುವ ಮುನ್ನ, ಮುತ್ತಜ್ಜ ಅದರಡಿ ಮನೆದೇವರೆಂದು ಪೂಜಿಸಿ ಹೂತಿದ್ದ ಬೆರಳಗಲದ ತಾಮ್ರದ ತಗಡನ್ನು ನವನಗರದ ಹೊಸ ಮನೆಗೆ ಒಯ್ಯಬೇಕಿತ್ತು. ಕಾಕಾ ತಂದಿದ್ದ ಲೋಹ ಹುಡುಕುವ ಯಂತ್ರ ಮೊದಲು ಜೋರಾಗಿ ಕೂಗಿತು. ಮೊಳದಾಳ ಅಗೆದ ಮೇಲೆ ಮೌನವಾಯಿತು.

“ನಮ್ಮ ಸಂಗಾಟ ಬರೂದಿಲ್ಲೇನು, ದೇವ್ರೇ?” ಎಂದು ಅಜ್ಜಿ ಕಣ್ಣೀರಿಟ್ಟಳು.

ಸಂತೈಸಲು ಕಾಕಾ ಯಂತ್ರ ಹಿಡಿದೇ ಆಕೆಯ ಬಳಿ ಹೋದರು. ಅದು ಮತ್ತೆ ಕೂಗಿತು! ಹೊಸ್ತಿಲ ಮಣ್ಣನ್ನು ಯಾರೂ ತುಳಿಯಬಾರದೆಂದು ಅಜ್ಜಿ ಅಗೆದ ಮಣ್ಣಿನ ಮೊದಲ ಹಿಡಿಗಳನ್ನು ತನ್ನ ಉಡಿಯಲ್ಲಿ ತುಂಬಿಕೊಂಡಿದ್ದಳು.

“ಯವ್ವಾ, ದೇವ್ರು ನಿನ್ನ ಉಡ್ಯಾಗ ಕುಂತಾನ. ನಾ ಸುಮ್ನ ಬಾವಿ ತೋಡಾಕತ್ತೇನಿ!” ಎಂದರು ಕಾಕಾ.

“ತೋಡಿದ್ದು ಸಾಕು, ಮುಚ್ಚಲೇ ಅದನ್ನ,” ಎಂದು ಅಜ್ಜಿ ಅಳುತ್ತಲೇ ನಕ್ಕಳು. ತಗಡನ್ನು ಯಾರ ಕೈಗೂ ಕೊಡದೆ, ಉಡಿಯನ್ನು ಬಿಗಿಹಿಡಿದು, ಎಲ್ಲರಿಗಿಂತ ಮೊದಲು ಟ್ರ್ಯಾಕ್ಟರ್ ಏರಿ ಕುಳಿತಳು.