ಮೊದಲ ಸಲ ಕೇಳುವ ಹಾಡು

ಹಾಡು ಮುಗಿಯುವಷ್ಟರಲ್ಲಿ ನಿರೂಪಕಿಯ ಕೈ ಮೈಕಿನ ಸ್ವಿಚ್ಚಿನ ಮೇಲೇ ಮರಗಟ್ಟಿತ್ತು. ಕೇಳುಗರು ಕಳಿಸುವ ಹೊಸ ಹಾಡನ್ನು ತಾನೂ ಅವರ ಜೊತೆಗೇ ಮೊದಲ ಸಲ ಕೇಳಬೇಕೆಂಬುದು ಈ ಸಮುದಾಯ ರೇಡಿಯೋದಲ್ಲಿ ಅವಳೇ ಹಾಕಿಕೊಂಡ ಪದ್ಧತಿ. ಈ ವಾರದ ಗಾಯಕ ಹೆಸರು ಬರೆದಿರಲಿಲ್ಲ. ಎರಡನೇ ಸಾಲಿಗೇ ದನಿಯ ಗುರುತು ಹತ್ತಿತ್ತು: ‘ಮೇಡಂ, ನಿಮ್ಮ ಮನೆ ಎಲ್ಲಿ’ ಎಂದು ಫೋನಿನಲ್ಲಿ ಪೀಡಿಸುತ್ತಿದ್ದವನದು.

ಹಾಡು ನಿಂತರೂ ರೆಕಾರ್ಡಿಂಗ್ ನಿಂತಿರಲಿಲ್ಲ. ಗೇಟೊಂದು ಕಿರ್ರೆಂದಿತು. ಎಣ್ಣೆ ಬಿಡಬೇಕು, ಬಿಡಬೇಕು ಎಂದು ಅವಳು ಮುಂದೂಡುತ್ತಲೇ ಬಂದ ಗೇಟು. ಹಿಂದೆಯೇ ಮಗಳ ದನಿ: “ಚೆನ್ನಾಗಿ ಹಾಡ್ತೀರ ಅಂಕಲ್. ಅಮ್ಮ ರೇಡಿಯೋಗೆ ಹೋಗಿದಾಳೆ. ಈ ಹೊತ್ತಲ್ಲಿ ದಿನಾ ನಾನೊಬ್ಳೇ.”

ಗಾಜಿನಾಚೆಯ ತಂತ್ರಜ್ಞ, ಮುಂದಿನ ಹಾಡು ಹಾಕಲೇ ಎಂದು ಸನ್ನೆ ಮಾಡಿದ. ಅವಳು ಬೇಡವೆಂದು ಕೈಯಾಡಿಸಿದಳು. ತನ್ನ ಕಾರ್ಯಕ್ರಮವನ್ನು ಮಗಳು ಎಂದೂ ತಪ್ಪಿಸುವವಳಲ್ಲ. ಪಕ್ಕದ ಮನೆಯ ಟೈಲರಕ್ಕನೂ ಅಷ್ಟೇ. ಸ್ವಿಚ್ ಒತ್ತಿದಳು.

“ಪುಟ್ಟಿ, ಚಿಲಕ ಹಾಕ್ಕೋ. ಯಾರು ಬಡಿದ್ರೂ ತೆಗೀಬೇಡ. ಟೈಲರಕ್ಕ, ಒಂಚೂರು ನಮ್ಮನೆ ಹತ್ರ ಓಡಿ.”

ಸ್ವಿಚ್ ಬಿಟ್ಟು ಎರಡು ನಿಮಿಷವೂ ಆಗಿರಲಿಲ್ಲ, ಸ್ಟುಡಿಯೋದ ಫೋನ್ ಹೊಡೆದುಕೊಂಡಿತು. ಮಗಳು.

“ಚಿಲಕ ಹಾಕಿದೀನಮ್ಮ. ಟೈಲರಾಂಟಿ ಬಡೀತಿದಾರೆ, ತೆಗ್ದಿಲ್ಲ. ಅಂಕಲ್ ಇಲ್ಲೇ ಒಳಗಿದಾರೆ. ಹಾಡು ಹೇಗಿತ್ತು ಅಂತ ಕೇಳ್ತಿದಾರೆ.”